ಮೆಷಿನ್ ಮಾಮನ ಬೆಳ್ಳಿ ಚೀಟಿ

ಬಸ್ ಡಿಪೋದಲ್ಲಿ ಅವನನ್ನು ಎಲ್ಲರೂ ಮೆಷಿನ್ ಮಾಮ ಎನ್ನುತ್ತಿದ್ದರು. ಬಸ್ ಹತ್ತಿದವರು ಕಾರ್ಡ್ ಮುಟ್ಟಿಸಿ ಟಿಕೆಟ್ ಪಡೆಯುವ ಪುಟ್ಟ ಮೆಷಿನ್ ಕೆಟ್ಟರೆ ಸರಿಮಾಡುವುದು ಅವನ ಕೆಲಸ. ಕೆಲಸ ಗೊತ್ತಿತ್ತು. ತನಗೆ ಗೊತ್ತಿದೆ ಎನ್ನುವುದು ಇನ್ನೂ ಚೆನ್ನಾಗಿ ಗೊತ್ತಿತ್ತು. ರಿಪೇರಿಯಾದ ಪ್ರತಿ ಮೆಷಿನ್ನಿನ ಪಕ್ಕಕ್ಕೆ ಸಣ್ಣದೊಂದು ಬಿಳಿ ಚೀಟಿ ಅಂಟಿಸುತ್ತಿದ್ದ: ‘ನೋಡಿದ್ದೇನೆ, ಸರಿ ಇದೆ.’ ಕೆಳಗೆ ಹಾವು ಹರಿದಂಥ ಸಹಿ. ಮದುವೆ ಕಾಗದಕ್ಕೂ ಅಷ್ಟುದ್ದ ಸಹಿ ಹಾಕಿರಲಿಲ್ಲ ಎಂದು ಹೆಂಡತಿ ಅಣಕಿಸುತ್ತಿದ್ದಳು.

ಒಂದು ಸಲ ಬಿಳಿ ಚೀಟಿ ಮುಗಿಯಿತು. ಹೆಂಡತಿ ಅಂಗಡಿಯಿಂದ ಬೆಳ್ಳಿ ಬಣ್ಣದ್ದು ತಂದಳು. ಅಂಗೈಯಗಲ, ತಗಡಿನ ಹಾಗೆ ಥಳಥಳ. ಇಂಥದ್ದನ್ನು ಪಕ್ಕದಲ್ಲಿ ಬಚ್ಚಿಡುವುದುಂಟೇ? ಏಳನೇ ನಂಬರ್ ಬಸ್ಸಿನ ಮೆಷಿನ್ ಮುಖಕ್ಕೇ ಅಂಟಿಸಿದ. ಮ್ಯಾನೇಜರ್ ದಿನಾ ಬರುವ ಬಸ್ಸು ಅದು.

ಮಾರನೆಯ ದಿನ ಆ ಮೆಷಿನ್ ಒಬ್ಬರ ಕಾರ್ಡನ್ನೂ ಒಪ್ಪಲಿಲ್ಲ. ಮಾಮ ಹೊಸ ಮೆಷಿನ್ ಕೂರಿಸಿದ. ತನ್ನ ಕಾರ್ಡ್ ಹಿಡಿದ, ಟಿಂಗ್ ಎಂದಿತು. ತೃಪ್ತಿಯಿಂದ ಬೆಳ್ಳಿ ಚೀಟಿ ಅಂಟಿಸಿದ. ಅದೂ ಮೂಕವಾಯಿತು. ಮತ್ತೊಂದು ಕೂರಿಸಿದ. ಟಿಂಗ್, ಚೀಟಿ, ಮೌನ. ಸರಿ ಇದೆ ಎಂದು ಬರೆದ ಮೇಲೆ ಚೀಟಿಯ ಮೇಲೆ ಅನುಮಾನ ಯಾರಿಗೆ? ಜನಕ್ಕೆ ಕಾರ್ಡ್ ಹಿಡಿಯಲು ಬರುವುದಿಲ್ಲ ಎಂದು ಮಾಮ ಊರಿಗೆಲ್ಲ ಬೈದ. ಮ್ಯಾನೇಜರ್ ಜಗ್ಗಲಿಲ್ಲ. ನಾಳೆಯೂ ಇದೇ ಆದರೆ ಸ್ಕ್ರೂಡ್ರೈವರ್ ಕೆಳಗಿಟ್ಟು ಬ್ರಷ್ ಹಿಡಿ, ಬಸ್ ತೊಳೆಯುವ ಕಡೆ ಹೋಗು ಎಂದರು.

ಇಪ್ಪತ್ತು ವರ್ಷ ಪಳಗಿದ ಕೈ. ಅವನು ಹರಳೆಣ್ಣೆ ಕುಡಿದ ಮುಖ ಮಾಡಿಕೊಂಡು ಮನೆಗೆ ಬಂದ, ಉಣ್ಣಲಿಲ್ಲ.

ಬೆಳಿಗ್ಗೆ ಹೆಂಡತಿ ಹೊಲಿಗೆ ಕೆಲಸಕ್ಕೆ ಹೋಗಲು ಅದೇ ಬಸ್ ಹತ್ತಿದಳು. ನಾಲ್ಕನೇ ಮೆಷಿನ್. ಅದರ ಪಕ್ಕ ಮಾಮ ಮದುಮಗನ ಹಾಗೆ ನಿಂತಿದ್ದ. ಎರಡನೇ ಸೀಟಿನಲ್ಲಿ ಮ್ಯಾನೇಜರ್. ಅವಳು ಕಾರ್ಡ್ ಹಿಡಿದಳು. ಸದ್ದಿಲ್ಲ. ಒರೆಸಿ ಹಿಡಿದಳು. ಹಿಂದಿನವರು ಗೊಣಗಿದರು, ಮ್ಯಾನೇಜರ್ ಪೆನ್ನು ತೆಗೆದರು. ತಾನೇ ತಂದ ಚೀಟಿ ಅವಳ ಕಣ್ಣಿಗೆ ಬಿತ್ತು. ಮುಖಕ್ಕೆ ತಗಡು ಮುಚ್ಚಿದರೆ ಮೆಷಿನ್ ಉಸಿರಾಡುವುದು ಹೇಗೆ? ಮೂಲೆಗೆ ಉಗುರು ಹಾಕಿ ಸರ್ರನೆ ಕಿತ್ತಳು.

ಟಿಂಗ್.

ಡ್ರೈವರ್ ನಗು ನುಂಗಿ ಕೆಮ್ಮಿದ. ಮಾಮ ತನ್ನ ಚಪ್ಪಲಿ ನೋಡಿಕೊಂಡ. ಮ್ಯಾನೇಜರ್ ಕನ್ನಡಕ ಹಾಕಿಕೊಳ್ಳುವಷ್ಟರಲ್ಲಿ ಚೀಟಿ ಅವಳ ಮುಷ್ಟಿಯಲ್ಲಿತ್ತು.

“ಏನಾಗಿತ್ತಮ್ಮ?”

“ಏನೋ ಅಂಟಿತ್ತು ಸಾರ್. ಯಾರೋ ತಿಳಿಗೇಡಿ ಅಂಟಿಸಿರಬೇಕು.”

ಮ್ಯಾನೇಜರ್ ಮಾಮನ ಕಡೆ ತಿರುಗಿ, ಮೊದಲು ಅಂಥವನನ್ನು ಹಿಡಿ ಎಂದರು. ಹಿಡಿಯುತ್ತೇನೆ ಎಂದ ಮಾಮ. ಬ್ರಷ್ಷಿನ ಮಾತು ಮತ್ತೆ ಬರಲಿಲ್ಲ.

ಸಂಜೆ ಅವಳು ಮುದುರಿದ ಚೀಟಿಯನ್ನು ತಟ್ಟೆಯ ಪಕ್ಕ ಬಿಡಿಸಿಟ್ಟಳು.

“ಸಿಕ್ಕಿದ್ನೇನ್ರೀ ಆ ತಿಳಿಗೇಡಿ?”

“ಸಿಕ್ದ. ಬುದ್ಧಿ ಹೇಳಿದೀನಿ. ನೀನು ತಂದಿದ್ದಕ್ಕೇ ಹೀಗಾಯ್ತಂತೆ.”

ಸೋತರೂ ಮೀಸೆ ಮಣ್ಣಾಗದ ಜಾತಿ ಅದು. ಎರಡು ಸಲ ಬಡಿಸಿಕೊಂಡು ಉಂಡ. ಆಮೇಲೆ ಆ ಚೀಟಿಯನ್ನು ಅವಳ ಊಟದ ಡಬ್ಬಿಯ ಮುಚ್ಚಳಕ್ಕೆ ಒತ್ತಿ ಅಂಟಿಸಿದ. ‘ನೋಡಿದ್ದೇನೆ, ಸರಿ ಇದೆ.’ ಅವಳ ಅಡುಗೆಯನ್ನು ಅವನು ಹೊಗಳಿದ್ದು ಅದೊಂದೇ ಸಲ, ಅದೂ ಬರಹದಲ್ಲಿ.

ಹೋದ ವರ್ಷ ಅವನು ತೀರಿಹೋದ. ಡಬ್ಬಿ ಇದೆ. ತೊಳೆಯುವಾಗ ಅವಳು ಮುಚ್ಚಳವನ್ನು ಉಜ್ಜುವುದಿಲ್ಲ. ಆದರೂ ಸಹಿಯ ಬಾಲ ಅಳಿಸಿದೆ. ಅಷ್ಟುದ್ದ ಎಳೆದವನದೇ ತಪ್ಪು.