ಸೆನ್ಸರ್ ನನ್ನ ಅಂಗೈಯಲ್ಲಿತ್ತು

ದೆವ್ವ ಭೂತದ ಮಾತು ಬಂದರೆ ಎದ್ದು ಹೋಗುತ್ತಿದ್ದವಳು ನಾನು. ಈಗಲೂ ನಂಬುವುದಿಲ್ಲ. ಆದರೆ ಕಾಮಾಕ್ಷಿಪಾಳ್ಯದ ಆ ವರ್ಕ್‌ಶಾಪಿನಲ್ಲಿ ಒಂದು ಮಧ್ಯಾಹ್ನ ಕಂಡದ್ದನ್ನು ಹೇಳದೆ ಇರಲಾರೆ. ನೆನೆದರೆ ಹೆದರಿಕೆಗಿಂತ ಹೆಚ್ಚಾಗಿ ಸಿಟ್ಟೇ ಬರುತ್ತದೆ.

ರಾಜಾಜಿನಗರದಲ್ಲಿ ನನ್ನದೊಂದು ಸಣ್ಣ ಘಟಕವಿದೆ. ಕಾರ್ಖಾನೆಗಳ ಕ್ಯಾಮೆರಾ ಕೂರಿಸುವುದು, ರಿಪೇರಿ ಮಾಡುವುದು ನನ್ನ ಕೆಲಸ. ಆ ವರ್ಕ್‌ಶಾಪಿನ ಪ್ರೆಸ್‌ಗೂ ನಾನೇ ಒಂದು ಹಳೆಯ ಸಿಸಿಡಿ ಕ್ಯಾಮೆರಾ ಕೂರಿಸಿದ್ದೆ. ತಗಡನ್ನು ಒತ್ತುವ ಅಚ್ಚಿನ ಕೆಳಗೆ ಕೈ ಕಂಡರೆ ಪ್ರೆಸ್ ನಿಂತುಬಿಡಬೇಕು. ಅಂದು ಅದರ ಮುಂದೆ ಕೆಲಸ ಮಾಡುತ್ತಿದ್ದ ರತ್ನಮ್ಮ ಪರೀಕ್ಷೆಗೆಂದು ಮಣಿಕಟ್ಟಿಗೆ ಹಚ್ಚೆ ಹಾಕಿಸಿದ್ದ ಬಲಗೈ ಚಾಚಿ, ಪ್ರೆಸ್ ನಿಂತಾಗ ನಕ್ಕಿದ್ದಳು. "ಇನ್ಮೇಲೆ ಇದೇ ನನ್ನ ಕಾಯುತ್ತೆ ಬಿಡಿ ಮೇಡಂ," ಎಂದಿದ್ದಳು.

ಕೆಲವು ತಿಂಗಳ ನಂತರ ಅದೇ ಪ್ರೆಸ್ ಅವಳ ಬಲಗೈಯ ಬೆರಳುಗಳನ್ನು ತೆಗೆದುಕೊಂಡಿತು.

ಮಾಲೀಕರು ನನ್ನನ್ನು ಕರೆಸಿದರು. ಅವಳಿನ್ನೂ ಆಸ್ಪತ್ರೆಯಲ್ಲಿದ್ದಳು. "ನೋಡಿ ಮೇಡಂ, ಕ್ಯಾಮೆರಾ ಸರಿಯಾಗಿತ್ತು ಅಂತ ಒಂದು ಮಾತು ಬರ್ಕೊಡಿ, ಸಾಕು. ಆಯಮ್ಮ ಮಾತಾಡ್ಕೊಂಡು ಕೈ ಹಾಕ್ಬಿಟ್ಲು," ಎಂದರು.

ನಾನು ಕ್ಯಾಮೆರಾ ಬಿಚ್ಚಿದೆ. ಒಳಗೆ ಬೆಳಕು ಹಿಡಿಯುವ ಸಿಸಿಡಿ ಸೆನ್ಸರ್ ತಾನಾಗಿ ಏನನ್ನೂ ತೋರಿಸಲಾರದು. ಅದರ ಮೇಲೆ ಬಿದ್ದ ಬೆಳಕು ಚಾರ್ಜ್ ಆಗಿ ಕೂಡುತ್ತದೆ. ಅದನ್ನು ಎಷ್ಟು ಹೊತ್ತು ಕೂಡಲು ಬಿಡಬೇಕು, ಯಾವಾಗ ಸಾಲುಸಾಲಾಗಿ ಹೊರಗೆ ತಳ್ಳಬೇಕು ಎಂಬುದೆಲ್ಲ ಡ್ರೈವ್ ಸರ್ಕ್ಯೂಟ್ ಕೊಡುವ ಪಲ್ಸ್‌ಗಳ ಕೆಲಸ. ಆ ಸರ್ಕ್ಯೂಟಿನಲ್ಲಿ ನಾನು ಅರಗು ಹಾಕಿ ಮುಚ್ಚಿದ್ದ ಎಕ್ಸ್‌ಪೋಷರ್ ಪ್ರೀಸೆಟ್ಟನ್ನು, ಅಂದರೆ ಬೆಳಕು ಕೂಡುವ ಹೊತ್ತನ್ನು ಹೊಂದಿಸುವ ತಿರುಪನ್ನು, ಯಾರೋ ಅರಗು ಕೆರೆದು ಕೊನೆಯವರೆಗೂ ತಿರುಗಿಸಿದ್ದರು. ಕ್ಯಾಮೆರಾಗೆ ಜೋಡಿಸಿದ್ದ ಮಾನಿಟರಿನಲ್ಲಿ ಚಿತ್ರ ಕಪ್ಪಿಟ್ಟುಹೋಗಿತ್ತು. ಕ್ಯಾಮೆರಾ ಕುರುಡಾಗಿತ್ತು.

"ಸಾರ್, ಇದನ್ನ ಯಾರು ತಿರುಗಿಸಿದ್ದು?"

"ನೆರಳು ಬಿದ್ರೂ ಪ್ರೆಸ್ ನಿಂತೋಗೋದು. ಆರ್ಡರ್ ಮುಗಿಸ್ಬೇಕಲ್ವಾ ನಾನು?" ಎಂದರು, ನಾನೇ ಏನೋ ತಪ್ಪು ಮಾಡಿದವಳಂತೆ ನನ್ನನ್ನು ನೋಡುತ್ತ.

ಸಿಟ್ಟಿನಲ್ಲಿ ಕೇಬಲ್ ಕಿತ್ತು, ಸೆನ್ಸರ್ ಇರುವ ಚಿಕ್ಕ ಬೋರ್ಡನ್ನು ಹೊರಗೆ ತೆಗೆದು ಅಂಗೈಯಲ್ಲಿಟ್ಟುಕೊಂಡೆ. ಅದಕ್ಕೀಗ ಪಲ್ಸ್ ಇಲ್ಲ, ಕರೆಂಟೂ ಇಲ್ಲ. ಮಾನಿಟರ್ ಮಾತ್ರ ಆನ್ ಆಗಿತ್ತು. ಅದರಲ್ಲಿ ಬರೀ ಚುಕ್ಕೆಗಳ ಗೊಜಲು ಕಾಣಬೇಕಿತ್ತು.

ಚಿತ್ರ ಬಂತು. ಪ್ರೆಸ್ಸಿನ ಅಚ್ಚು ಹಗಲಿನಷ್ಟು ಸ್ಪಷ್ಟವಾಗಿತ್ತು. ಬಲಗಡೆಯಿಂದ ಒಂದು ಕೈ ನಿಧಾನವಾಗಿ ಒಳಗೆ ಬಂದು ಅಚ್ಚಿನ ಕೆಳಗೆ ನಿಂತಿತು. ಅದೂ ಬಲಗೈ, ಬೆರಳೆಲ್ಲ ಇದ್ದವು. ಮಣಿಕಟ್ಟಿನ ಹಚ್ಚೆ ನೋಡಿದ ಮೇಲೆ ಅನುಮಾನವೇ ಉಳಿಯಲಿಲ್ಲ, ಅದು ರತ್ನಮ್ಮನ ಕೈ. ನಾನು ತಿರುಗಿ ಪ್ರೆಸ್ ನೋಡಿದೆ. ಅಲ್ಲಿ ಯಾರೂ ಇರಲಿಲ್ಲ. ಮತ್ತೆ ಪರದೆ ನೋಡಿದೆ. ಕೈ ಅಲ್ಲೇ ಇತ್ತು, ಕಾಯುತ್ತಿರುವಂತೆ.

"ಆಫ್ ಮಾಡ್ರೀ ಅದನ್ನ!" ಎಂದು ಕಿರುಚಿದ ಮಾಲೀಕರು ನಾನು ಕದಲುವ ಮೊದಲೇ ನುಗ್ಗಿ ಮಾನಿಟರಿನ ವೈರನ್ನು ಗೋಡೆಯಿಂದ ಕಿತ್ತರು.

ನನ್ನ ವರದಿಯಲ್ಲಿ ಪ್ರೀಸೆಟ್ ವಿಷಯ ಇದ್ದದ್ದು ಇದ್ದಹಾಗೆ ಬರೆದೆ. ಮಾಲೀಕರು ಅದನ್ನು ಬದಿಗಿಟ್ಟು ಬೇರೊಬ್ಬರಿಂದ ಬರೆಸಿಕೊಂಡರು. ಕಾರ್ಮಿಕ ಇಲಾಖೆಯ ವಿಚಾರಣೆಯಲ್ಲಿ ಸಾಕ್ಷಿ ಹೇಳಿದೆ, ಜಗಳವಾಡಿದೆ. ಕೊನೆಗೆ ರತ್ನಮ್ಮನಿಗೆ ಪರಿಹಾರವೇನೋ ಸಿಕ್ಕಿತು. ಇವತ್ತಿಗೂ ಜಡೆ ಹಾಕಲು ಅವಳು ಮಗಳನ್ನು ಕರೆಯಬೇಕು.

ಆ ಮಾನಿಟರನ್ನು, ಆ ಬೋರ್ಡನ್ನು ಆಮೇಲೆ ಎಷ್ಟು ಸಲ ಪರೀಕ್ಷಿಸಿದೆನೋ ಲೆಕ್ಕವಿಲ್ಲ. ಚಿತ್ರವನ್ನು ಹಿಡಿದಿಟ್ಟುಕೊಳ್ಳುವ ಮೆಮೊರಿ ಎರಡರಲ್ಲೂ ಇಲ್ಲ. ನನಗೆ ಗೊತ್ತಿರುವ ವಿದ್ಯೆಯಲ್ಲಿ ಅದಕ್ಕೆ ಉತ್ತರ ಸಿಗಲಿಲ್ಲ.

ಒಮ್ಮೆ ಆ ಮಾಲೀಕರು ಡಾ. ರಾಜ್‌ಕುಮಾರ್ ರಸ್ತೆಯಲ್ಲಿ ಎದುರಾದರು. ನಿಲ್ಲಿಸಿ ಆ ಕೈಯ ಬಗ್ಗೆ ಕೇಳಿದೆ.

"ಏನ್ ಮೇಡಂ ನೀವು, ಓದಿದೋರು... ಅವತ್ತು ಪರದೆ ಮೇಲೆ ಏನೂ ಇರ್ಲಿಲ್ಲ," ಎಂದು ನಕ್ಕರು.

ಏನೂ ಇರಲಿಲ್ಲವೆಂದರೆ ವೈರ್ ಯಾಕೆ ಕಿತ್ತಿರಿ ಎಂದು ಕೇಳುವಷ್ಟರಲ್ಲಿ ಅವರು ರಸ್ತೆ ದಾಟಿಬಿಟ್ಟಿದ್ದರು.