ಕಣಕಟ್ಟೆಯ ಐದು ಕೊಳಗ ರಾಗಿ

1996ನೇ ಇಸವಿ. ನಾನಾಗ ಕೃಷಿ ಪದವಿಯ ಕೊನೆಯ ವರ್ಷದಲ್ಲಿದ್ದೆ. ಕೊನೆಯ ವರ್ಷದವರು ಬಿತ್ತನೆಯಿಂದ ಸುಗ್ಗಿಯವರೆಗೆ ಐದು ತಿಂಗಳು ಒಂದು ಹಳ್ಳಿಯಲ್ಲಿದ್ದು, ಅಲ್ಲಿನ ರೈತರೊಬ್ಬರ ಜೊತೆ ಕೆಲಸ ಮಾಡಬೇಕೆಂಬುದು ವಿಶ್ವವಿದ್ಯಾಲಯದ ನಿಯಮ. ನನಗೆ ಕಣಕಟ್ಟೆ ಸಿಕ್ಕಿತು. ಅಪ್ಪ ಅರಸೀಕೆರೆಯಲ್ಲಿ ಗುಮಾಸ್ತರು, ನಾನು ಹುಟ್ಟಿ ಬೆಳೆದದ್ದೂ ಅಲ್ಲೇ. ನಮ್ಮ ಕಡೆಯ ಹಳ್ಳಿ, ನನಗೆ ಗೊತ್ತಿಲ್ಲದ್ದು ಏನಿರುತ್ತದೆ ಎಂಬ ಜಂಬದಲ್ಲೇ ಬಸ್ ಹತ್ತಿದೆ.

ನನಗೆ ಗೊತ್ತುಮಾಡಿದ್ದ ರೈತರು ಸಿದ್ದಪ್ಪನವರು. ಇರಲು ಶಾಲೆಯ ಪಕ್ಕ ಒಂದು ಕೋಣೆ, ಊಟ ಮಾತ್ರ ಅವರ ಮನೆಯಲ್ಲಿ. ಅನ್ನ ಉಂಡು ಬೆಳೆದ ನಾನು ಮುದ್ದೆಯನ್ನು ಅಗಿಯುವುದನ್ನು ಕಂಡು ಅವರ ಹೆಂಡತಿ ಗಂಗಮ್ಮ, “ನುಂಗವ್ವ, ಅದೇನು ಕಡ್ಲೆಕಾಯಾ?” ಎಂದು ದಿನಾ ನಗುತ್ತಿದ್ದರು.

ನನ್ನ ಮಾತು ನಂಬಿ ಸಿದ್ದಪ್ಪನವರು ಒಂದು ಎಕರೆಗೆ ವಿಶ್ವವಿದ್ಯಾಲಯದ ಹೊಸ ತಳಿಯ ರಾಗಿ ಬಿತ್ತಿದ್ದರು. ಊರಿನವರು ಅದನ್ನು ‘ಪುಸ್ತಕದ ರಾಗಿ’ ಎಂದು ಆಡಿಕೊಳ್ಳುತ್ತಿದ್ದರು. ಬೆಳೆ ಚೆನ್ನಾಗಿ ಬಂದರೆ ಮುಂದಿನ ವರ್ಷ ಇಡೀ ಊರಿಗೆ ಆ ಬೀಜ ಕೊಡುವುದಾಗಿ ನಮ್ಮ ಪ್ರೊಫೆಸರ್ ಹೇಳಿದ್ದರು. ಹಾಗಾಗಿ ಆ ಒಂದು ಎಕರೆಯ ಮೇಲೆ ಸಿದ್ದಪ್ಪನವರ ಮರ್ಯಾದೆಯೂ ನಿಂತಿತ್ತು, ನನ್ನ ಅಂಕವೂ ನಿಂತಿತ್ತು.

ರಾಶಿ ಅಳೆಯುವ ದಿನ ತೂಕದ ಯಂತ್ರ ಬರಲಿಲ್ಲ. ಅವರ ಕೊಳಗದಲ್ಲೇ ಅಳೆಸಿ ಬರೆದುಕೋ ಎಂದು ಪ್ರೊಫೆಸರ್ ಹೇಳಿ ಕಳಿಸಿದರು. ಇಪ್ಪತ್ತು ಕೊಳಗಕ್ಕೆ ಒಂದು ಖಂಡುಗ. ಖಂಡುಗ ತುಂಬಿದ ಮೇಲೆ ಮತ್ತೆ ಮೊದಲಿಂದ ಎಣಿಕೆ. ಅಳೆಯುವಾಗ ಎಣಿಸುವವರ ಹೊರತು ಬೇರೆ ಯಾರೂ ಕಣದೊಳಗೆ ಮಾತಾಡುವಂತಿಲ್ಲ, ಅದು ಪದ್ಧತಿ. ನಾನು ಹೊರಗೆ ಹುಲ್ಲಿನ ಮೆದೆಯ ಮಗ್ಗುಲಲ್ಲಿ ಕೂತೆ. ಅಲ್ಲಿಗೆ ಕೊಳಗ ಕಾಣುತ್ತಿರಲಿಲ್ಲ, ಸಿದ್ದಪ್ಪನವರ ದನಿ ಮಾತ್ರ ಕೇಳುತ್ತಿತ್ತು. “ಲಾಭ... ಎರಡು... ಮೂರು...” ಲಾಭ ಎನ್ನುವುದು ಹಾಳೆಯ ಮೇಲೆ ‘ಶ್ರೀ’ ಬರೆದ ಹಾಗೆ ಶುಭಕ್ಕೆ ಹೇಳುವ ಮಾತು ಎಂದುಕೊಂಡು, ಎರಡು ಎಂದಾಗಿನಿಂದ ಒಂದೊಂದು ಸಂಖ್ಯೆಗೆ ಒಂದೊಂದು ಗೀಟು ಹಾಕುತ್ತಾ ಹೋದೆ.

ಅಳೆದು ಮುಗಿಸಿ ಬಂದ ಸಿದ್ದಪ್ಪನವರು, “ಐದು ಖಂಡುಗ ಕಣವ್ವ” ಎಂದರು. ಮುಖ ಅರಳಿತ್ತು. ಕೋಣೆಗೆ ಹೋಗಿ ಗೀಟು ಕೂಡಿದರೆ ತೊಂಬತ್ತೈದು. ಐದು ಕೊಳಗ ಕಡಿಮೆ. ಖುಷಿಯಲ್ಲಿ ಸ್ವಲ್ಪ ಸೇರಿಸಿ ಹೇಳಿರಬೇಕು ಎಂದುಕೊಂಡು, ಎರಡು ಲೆಕ್ಕವನ್ನೂ ಬರೆದಿಟ್ಟೆ.

ಮರುದಿನ ಶಾಲೆಯ ಅಂಗಳದಲ್ಲಿ ರೈತರ ಸಭೆ. ಪ್ರೊಫೆಸರ್ ನನ್ನ ಹಾಳೆ ನೋಡಿ ನಗುತ್ತಲೇ, “ಸಿದ್ದಪ್ಪನವರೇ, ನೀವು ಐದು ಖಂಡುಗ ಅಂತೀರಿ, ನಮ್ಮ ಹುಡುಗಿ ಲೆಕ್ಕದಲ್ಲಿ ಐದು ಕೊಳಗ ಕಡಿಮೆ ಇದೆ. ಸ್ವಲ್ಪ ಜಾಸ್ತಿ ಹೇಳಿಬಿಟ್ರೇನೋ?” ಎಂದರು.

ಹಿಂದಿನಿಂದ ಯಾರೋ, “ಏನ್ಲಾ ಸಿದ್ದ, ರಾಗಿ ಮರಿ ಹಾಕ್ತಾ?” ಎಂದರು. ಎಲ್ಲರೂ ನಕ್ಕರು.

ಸಿದ್ದಪ್ಪನವರು ಎದ್ದು ನಿಂತರು. “ಕಣದಾಗೆ ನಿಂತ್ಕಂಡು ಯಾರಾನ ಸುಳ್ಳು ಹೇಳ್ತಾರಾ ಸ್ವಾಮಿ? ನಿಮ್ ಬೀಜ ನೀವೇ ಇಟ್ಕಳಿ” ಎಂದವರೇ ಟವಲ್ಲು ಕೊಡವಿ ಹೆಗಲಿಗೆ ಹಾಕಿಕೊಂಡು ಹೊರಟರು.

ನನ್ನ ಪಕ್ಕ ಕೂತಿದ್ದ ಗಂಗಮ್ಮ ಮೆಲ್ಲಗೆ, “ಅದೆಂಗೆ ಎಣಿಸ್ದೆ, ತೋರ್ಸು” ಎಂದರು. ಗೀಟುಗಳನ್ನು ತೋರಿಸಿದೆ. “ಎರಡು ಅಂದಾಗ ಇದು, ಮೂರು ಅಂದಾಗ ಇದು.”

“ಮೊದ್ಲನೇ ಕೊಳಗಕ್ಕೆ?”

“ಆಗ ಲಾಭ ಅಂದ್ರಲ್ಲ?”

“ಅಯ್ಯೋ ನಿನ್ನ, ಲಾಭ ಅಂದ್ರೇನೇ ಒಂದು ಕಣೇ. ರಾಶಿ ಅಳೆಯಾಗ ಒಂದು ಅನ್ನಕಿಲ್ಲ.”

ಖಂಡುಗಕ್ಕೆ ಒಂದರಂತೆ ಐದು ಕೊಳಗ ನಾನೇ ನುಂಗಿದ್ದೆ. ಸುಮ್ಮನಿದ್ದರೆ ತಪ್ಪು ಪ್ರೊಫೆಸರಿಗೆ ಗೊತ್ತಾಗುವುದಿಲ್ಲ ಎಂದು ಒಂದು ಗಳಿಗೆ ಅನಿಸಿದ್ದೂ ನಿಜ. ಆದರೆ ಗಂಗಮ್ಮ ನನ್ನ ಮುಖವನ್ನೇ ನೋಡುತ್ತಿದ್ದರು. ಎದ್ದು, “ಸರ್, ತಪ್ಪು ನಂದು. ಅವರು ಹೇಳಿದ್ದೇ ಸರಿ” ಎಂದೆ. ನಡೆದದ್ದನ್ನು ತೊದಲುತ್ತಾ ಹೇಳಿದೆ. ಅಂಗಳವೆಲ್ಲ ಗೊಳ್ಳೆಂದು ನಕ್ಕಿತು. ಪ್ರೊಫೆಸರ್ ನಗಲಿಲ್ಲ. ಬೇಲಿಯ ಹತ್ತಿರ ನಿಂತುಬಿಟ್ಟಿದ್ದ ಸಿದ್ದಪ್ಪನವರ ಬಳಿ ತಾವೇ ಹೋಗಿ ಕೈಮುಗಿದು, “ಅವಳಿಗೆ ಹೇಳಿಕೊಡದೆ ಕಳಿಸಿದ್ದು ನಾನು. ಕ್ಷಮಿಸಬೇಕು” ಎಂದರು. ಸಿದ್ದಪ್ಪನವರು ಮರಳಿ ಬಂದು ಕೂತರು. ಊರಿನವರು ಬೀಜಕ್ಕೆ ಹೆಸರು ಬರೆಸಿದರು.

ಅಂದು ಊಟಕ್ಕೆ ಕೂತಾಗ ಸಿದ್ದಪ್ಪನವರು ಮುದ್ದೆ ಮುರಿಯುತ್ತಾ, “ಲಾಭ ಅಂದ್ರೆ ಗೊತ್ತಿಲ್ದಿದ್ರೆ ಪರವಾಗಿಲ್ಲ. ಐದು ತಿಂಗಳು ನಮ್ಮನೇಲಿ ಉಂಡಿದ್ದೀಯ. ಲೆಕ್ಕ ತಾಳೆ ಆಗ್ತಿಲ್ಲ ಅಂತ ಮೊದ್ಲು ನನ್ ತಾವ ಕೇಳ್ಬೋದಿತ್ತಲ್ಲವ್ವ” ಎಂದರು.

ಪ್ರೊಫೆಸರ್ ನನ್ನ ಬೆನ್ನು ತಟ್ಟಿದರು, ಅಂಕವನ್ನೂ ಚೆನ್ನಾಗಿಯೇ ಕೊಟ್ಟರು. ಈಗ ನಾನೂ ವಿದ್ಯಾರ್ಥಿಗಳನ್ನು ಹಳ್ಳಿಗೆ ಕಳಿಸುವ ಕೆಲಸದಲ್ಲಿದ್ದೇನೆ. ಲಾಭದ ಕಥೆಯನ್ನು ಅವರಿಗೆ ನಗುತ್ತಲೇ ಹೇಳುತ್ತೇನೆ. ಆದರೆ ಆ ಮನುಷ್ಯ ಸುಳ್ಳು ಹೇಳಿದ್ದಾರೆಂದು ನಾನು ಒಂದು ದಿನ ನಂಬಿದ್ದನ್ನು ಯಾರಿಗೂ ಹೇಳಿರಲಿಲ್ಲ. ಸಿದ್ದಪ್ಪನವರಿಗೆ ಅದು ಅಂದೇ ಗೊತ್ತಾಗಿತ್ತು. ನೆನೆದರೆ ಇವತ್ತಿಗೂ ನನಗೆ ನಾಚಿಕೆಯಾಗುತ್ತದೆ.