ಆಸ್ಕರನಿಗೊಂದು ಬಯಲು

ಪೀರನವಾಡಿಯ ನನ್ನ ಮನೆಯ ಮಹಡಿಯಲ್ಲಿ ಬೀರೇಶ ಎಂಬವನೊಬ್ಬ ಬಾಡಿಗೆಗಿದ್ದ. ಅವನ ಬಗ್ಗೆ ಹೇಳಬೇಕೆಂದರೆ ಅವನ ನಾಯಿಯಿಂದಲೇ ಶುರು ಮಾಡಬೇಕು. ಇಬ್ಬರಲ್ಲಿ ಮರ್ಯಾದಸ್ತ ಪ್ರಾಣಿ ಅದೇ.

ಬೀರೇಶ ಒಂದು ಕಚೇರಿಯಲ್ಲಿ ಗುಮಾಸ್ತ. ಕೊರಳಿನ ಗುರುತಿನ ಚೀಟಿಯನ್ನು ರಜೆಯ ದಿನವೂ ತೆಗೆಯುತ್ತಿರಲಿಲ್ಲ. ಕಾಯಿಪಲ್ಲೆ ತರಲು ಹೋಗುವಾಗಲೂ ಅದು ಎದೆಯ ಮೇಲೆ ತೂಗಾಡುತ್ತಿತ್ತು. ಮನೆ ಕೇಳಲು ಬಂದಾಗ ಮನೆತನದ ಕಸುಬು ಏನೆಂದು ವಿಚಾರಿಸಿದ್ದಕ್ಕೆ ‘ಅಗ್ರಿಕಲ್ಚರ್’ ಎಂದಿದ್ದ. ಪಾರಿಶ್ವಾಡದ ಕಡೆಯ ಕುರಿಗಾರರ ಮಗ ಎಂದು ಆಮೇಲೆ ತಿಳಿಯಿತು. ಕುರಿ ಕಾಯುವುದೇನು ಕಳ್ಳತನವೇ? ನಾನು ರವಿವಾರ ಪೇಟೆಯಲ್ಲಿ ಬೆಲ್ಲದ ಪೆಂಟೆ ಹೊತ್ತು ಹೊತ್ತು ಬೆನ್ನು ಬಗ್ಗಿಸಿಕೊಂಡು ಅಂಗಡಿ ಮಾಡಿದವನು. ಯಾರು ಕೇಳಿದರೂ ಹಮಾಲಿ ಮಾಡಿದ್ದೆ ಎಂದೇ ಹೇಳುತ್ತೇನೆ. ಇವನಿಗೆ ಮಾತ್ರ ಕುರಿ ಎಂಬ ಪದ ಬಾಯಿಗೆ ಬಂದರೆ ನಾಲಗೆ ಸುಡುತ್ತಿತ್ತು.

ಅದು ತಿಳಿದದ್ದು ಹೀಗೆ. ಒಂದು ಮಧ್ಯಾಹ್ನ ಹೆಗಲಿಗೆ ಕಂಬಳಿ ಹಾಕಿಕೊಂಡ ಎತ್ತರದ ಮನುಷ್ಯನೊಬ್ಬ ಬಂದ. ಕಂಬಳಿಯ ಮಡಿಕೆಯೊಳಗೆ ಒಂದು ನಾಯಿಮರಿ ಇತ್ತು. ಮೆಟ್ಟಿಲ ಬಳಿ ನನ್ನನ್ನು ಕಂಡು ಬೀರೇಶ ಗಡಿಬಿಡಿಯಲ್ಲಿ ‘ನಮ್ಮೂರ ಕಡೆಯವರು’ ಎಂದ. ಮರಿಯನ್ನು ಇಸಿದುಕೊಂಡು, ಕುಂದರು ಎಂದೂ ಹೇಳದೆ ಸಾಗಹಾಕಿದ. ಬಾಗಿಲಿಗೆ ಬಂದವರನ್ನು ಚಹಾ ಕುಡಿಸದೆ ಕಳಿಸಿದರೆ ನನ್ನ ಹೆಂಡತಿ ಭೀಮಕ್ಕನಿಗೆ ಉಂಡ ಅನ್ನ ಅರಗುವುದಿಲ್ಲ. ಅವಳೇ ಕರೆದು ಪಡಸಾಲೆಯಲ್ಲಿ ಕೂರಿಸಿದಳು. ಆ ಮನುಷ್ಯ ಮುಚ್ಚುಮರೆ ಇಲ್ಲದೆ ಎಲ್ಲ ಹೇಳಿದ. ಹೆಸರು ಸೋಮಲಿಂಗ, ಬೀರೇಶನ ಖಾಸಾ ಅಣ್ಣ. ಅಪ್ಪ ಬೇಗ ತೀರಿಕೊಂಡಾಗ ತಾನು ಕುರಿಯ ಹಿಂದೆ ಹೋಗಿ ತಮ್ಮನನ್ನು ಸಾಲಿಗೆ ಕಳಿಸಿದ್ದ. ಬೆಳಗಾವಿಯಲ್ಲಿ ಒಬ್ಬನೇ ಇರುವ ತಮ್ಮನಿಗೆ ಬೇಸರವಾಗಬಾರದೆಂದು ಹಿಂಡಿನ ನಾಯಿ ಹಾಕಿದ ಮರಿಗಳಲ್ಲೇ ಚೊಕ್ಕದ್ದನ್ನು ಆರಿಸಿ ತಂದಿದ್ದ. ಇದನ್ನೆಲ್ಲ ಅವನು ಹೆಮ್ಮೆಯಿಂದ ಹೇಳುವುದನ್ನು ಕೇಳಿ ಭೀಮಕ್ಕ ಕಣ್ಣು ಒರೆಸಿಕೊಂಡಳು. ಬೀರೇಶ ಅಂದಿನಿಂದ ನನ್ನ ಕಣ್ಣಿಗೆ ಬಿದ್ದರೆ ಮೈ ಉರಿಯುತ್ತಿತ್ತು.

ವಾರ ಕಳೆಯುವುದರೊಳಗೆ ಮರಿ ಆಸ್ಕರ್ ಆಯಿತು. ಗ್ರೇಹೌಂಡ್ ತಳಿ, ಪುಣೆಯಿಂದ ತರಿಸಿದ್ದು, ಅದರ ಅಪ್ಪ ಪ್ರದರ್ಶನದಲ್ಲಿ ಪದಕ ಗೆದ್ದದ್ದು ಎಂದು ಓಣಿಯಲ್ಲೆಲ್ಲ ಹೇಳಿಕೊಂಡು ಬಂದ. ತನ್ನ ಅಪ್ಪನನ್ನು ಮುಚ್ಚಿಟ್ಟವನು ನಾಯಿಗೆ ಹೊಸ ಅಪ್ಪನನ್ನು ಹುಡುಕಿಕೊಟ್ಟಿದ್ದ.

ನಾಯಿ ಬೆಳೆಯಿತು. ಉದ್ದ ಕಾಲು, ಸಣ್ಣ ನಡು, ಹಗಲೆಲ್ಲ ಹಿಂಡಿನ ಸುತ್ತ ಓಡಬೇಕಾದ ಜೀವ. ಅದನ್ನು ಬಾಲ್ಕನಿಯ ಸರಳಿಗೆ ಕಟ್ಟಿ ಇವನು ಕಚೇರಿಗೆ ಹೋಗುತ್ತಿದ್ದ. ಅದು ಬಾಗಿಲ ಚೌಕಟ್ಟು ಕಡಿಯಿತು, ಒಣಹಾಕಿದ ಬಟ್ಟೆ ಹರಿಯಿತು, ದಿನವಿಡೀ ಊಳಿಟ್ಟಿತು. ದನದ ಡಾಕ್ಟರು ನೋಡಿ, ರೋಗವೇನೂ ಇಲ್ಲ, ಬಿಟ್ಟು ಓಡಿಸಬೇಕು ಅಷ್ಟೇ ಎಂದರು. ನಾನು ಖಡಾಖಂಡಿತವಾಗಿ ಹೇಳಿದೆ: ಸಂಕ್ರಾಂತಿಯೊಳಗೆ ಇದನ್ನು ಓಡಿಸಲು ಜಾಗ ಹುಡುಕು, ಇಲ್ಲವಾದರೆ ನಾಯಿ ಈ ಮನೆಯಲ್ಲಿ ಇರುವಂತಿಲ್ಲ. ಬೀರೇಶನ ಕಣ್ಣು ತುಂಬಿತು. ನಾಯಿಯ ಮೇಲಿನ ಪ್ರೀತಿ ಖರೇ ಇತ್ತು, ಅದನ್ನು ಇಲ್ಲವೆನ್ನಲಾರೆ. ಊರಿಗೆ ಒಯ್ಯಬಾರದೇ, ಅಲ್ಲಿ ಬೇಕಾದಷ್ಟು ಬಯಲಿದೆಯಲ್ಲ ಎಂದೆ. ಅಲ್ಲಿ ಹೈಜಿನ್ ಇಲ್ಲ ಎಂದ.

ಹೀಗೆ ಪಾರ್ಕಿನ ಬೇಟೆ ಶುರುವಾಯಿತು. ಬೆಳಗಾವಿಯಲ್ಲಿ ನಾಯಿ ಸಾಕಿದವರದೊಂದು ವಾಟ್ಸಾಪ್ ಗುಂಪಿದೆ, ಬೀರೇಶ ಅದಕ್ಕೆ ಸೇರಿಕೊಂಡ. ಟಿಳಕವಾಡಿಯ ಪ್ರಮಿಳಾ ಮೇಡಂ ಅದರ ಮುಖಂಡರು. ಅವರ ನಾಯಿ ನೆಲಕ್ಕೆ ಕಾಲಿಟ್ಟದ್ದನ್ನು ಕಂಡವರಿಲ್ಲ, ಚೀಲದಲ್ಲೇ ಅದರ ಸವಾರಿ. ಆ ಗುಂಪಿನವರು ತಮ್ಮನ್ನು ನಾಯಿಯ ಮಾಲೀಕರು ಎಂದುಕೊಳ್ಳುವುದಿಲ್ಲ, ತಂದೆತಾಯಿ ಎನ್ನುತ್ತಾರೆ. ಪುಣೆಯಲ್ಲಿ, ಬೆಂಗಳೂರಿನಲ್ಲಿ ನಾಯಿಗಳ ಹಗ್ಗ ಬಿಚ್ಚಿ ಬಿಡಲೆಂದೇ ಬೇಲಿ ಹಾಕಿದ ಪಾರ್ಕುಗಳಿವೆಯಂತೆ, ನಮ್ಮೂರಿಗೂ ಬೇಕು ಎಂಬುದು ಅವರ ಹಟ. ಬೀದಿನಾಯಿಗಳಿಗೆ ಇಡೀ ಬೆಳಗಾವಿಯೇ ಪಾರ್ಕು, ಅರ್ಜಿ ಗುಜರಾಯಿಸದೆ ಓಡಾಡಿಕೊಂಡಿವೆ. ಮನೆಯ ನಾಯಿಗಳಿಗೇ ಜಾಗವಿಲ್ಲ. ಮೈದಾನಕ್ಕೆ ಹೋದರೆ ಬೆಳಗಿನ ವಾಕಿಂಗಿನವರು ಕೋಲೆತ್ತಿದರು. ಮಿಲಿಟರಿ ಕ್ಯಾಂಪಿನ ಕಡೆ ಹೋದರೆ ಸಿಪಾಯಿಯೊಬ್ಬ ಸೀಟಿ ಊದಿದ. ಉದ್ಯಾನದ ಕಾವಲುಗಾರ ಒಳಗೇ ಬಿಡಲಿಲ್ಲ. ಖಾಲಿ ಲೇಔಟಿನಲ್ಲಿ ಬಿಟ್ಟರೆ ಅಲ್ಲಿಯ ಬೀದಿನಾಯಿಗಳು ಇವರನ್ನೇ ಅಟ್ಟಿಸಿಕೊಂಡು ಬಂದವು.

ಕಡೆಗೆ ಪ್ರಮಿಳಾ ಮೇಡಂ ದೇಸೂರಿನ ಹತ್ತಿರ ತಮ್ಮ ಪರಿಚಯದವರ ಒಂದು ಗದ್ದೆ ಗೊತ್ತುಮಾಡಿದರು. ಭತ್ತ ಕೊಯ್ದು ಮುಗಿದಿತ್ತು. ಪೇಟೆಯಲ್ಲಿ ಕೂತ ಹೊಲದೊಡೆಯ, ಖಾಲಿ ಬಿದ್ದಿದೆ, ಬೇಕಾದಷ್ಟು ಓಡಿಸಿ ಎಂದು ಫೋನಿನಲ್ಲೇ ಹೇಳಿದನಂತೆ. ಬೀರೇಶ ನನ್ನನ್ನೂ ಹೊರಡಿಸಿದ. ನಾಯಿ ಓಡಿ ದಣಿಯುವುದನ್ನು ನಾನು ಕಣ್ಣಾರೆ ಕಂಡರೆ ಸಂಕ್ರಾಂತಿಯ ಮಾತು ಬಿಡುತ್ತೇನೆಂದು ಅವನ ಲೆಕ್ಕ. ಮೇಡಂ ಅವರ ಕಾರಿನ ಹಿಂದಿನ ಸೀಟಿನಲ್ಲಿ ಚೀಲದ ನಾಯಿಯ ಪಕ್ಕ ಕೂತು ಹೋದೆ.

ಇಳಿಹೊತ್ತು. ಗದ್ದೆಯಲ್ಲಿ ಒಣ ಕೂಳೆ, ಆಚೆ ರೈಲು ಹಳಿ. ಕಾಲಿಟ್ಟ ಕೂಡಲೇ ನೆಲದ ತುಂಬ ಕುರಿ ಹಿಕ್ಕೆ ಕಂಡಿತು. ಗೂಟ ಬಡಿದ ತೂತುಗಳಿದ್ದವು, ಮೂರು ಕಲ್ಲಿನ ನಡುವೆ ಬೂದಿ ಇನ್ನೂ ಬೆಚ್ಚಗಿತ್ತು. ಸುಗ್ಗಿ ಮುಗಿದ ಮೇಲೆ ಗೊಬ್ಬರಕ್ಕೆಂದು ಹೊಲದಲ್ಲಿ ಕುರಿ ಕೂಡಿಸುವುದು ನಮ್ಮ ಕಡೆಯ ರೂಢಿ. ಹಗಲು ಹಿಂಡು ಮೇಯಲು ಹೋಗುತ್ತದೆ, ಹೊತ್ತು ಮುಳುಗುವಾಗ ಅಲ್ಲಿಗೇ ಬರುತ್ತದೆ. ಹೊಲದೊಡೆಯನ ಬಾಯಲ್ಲಿ ಅದೂ ಖಾಲಿಯೇ. ಪ್ರಮಿಳಾ ಮೇಡಂ ಬಗ್ಗಿ ನೋಡಿ, ಈ ಕಪ್ಪು ಕಾಳು ಯಾವುದರ ಬೀಜ ಎಂದು ಕೇಳಿದರು.

ಆ ಹಿಕ್ಕೆಯ ಮೇಲೆ ಕಂಬಳಿ ಹಾಸಿ ಮಲಗಿ ಬೆಳೆದ ಬೀರೇಶ, ಗೊತ್ತಿಲ್ಲ ಮೇಡಂ ಎಂದ.

ನನಗೆ ಹೇಸಿಗೆಯಾಯಿತು. ಸುಗ್ಗಿಯ ನಂತರ ತಮ್ಮ ಹಿಂಡು ಈ ದಾರಿಯಲ್ಲೇ ಬರುತ್ತದೆಂದು ಸೋಮಲಿಂಗ ಅಂದು ಚಹಾ ಕುಡಿಯುವಾಗ ಹೇಳಿದ್ದ. ಅದು ಬೀರೇಶನಿಗೂ ಗೊತ್ತಿತ್ತು, ಮುಖ ನೋಡಿದರೇ ತಿಳಿಯುತ್ತಿತ್ತು. ಇಲ್ಲಿ ಬೇಡ, ಬೇರೆ ಕಡೆ ಹೋಗೋಣ ಎಂದಿದ್ದರೆ ಮುಗಿಯುತ್ತಿತ್ತು. ಆದರೆ ಹಾಗೆಂದರೆ ಯಾಕೆ ಬೇಡ ಎಂದು ಮೇಡಂ ಕೇಳುತ್ತಿದ್ದರು. ಕುರಿ ಕೂಡಿಸುವ ರೂಢಿ ನಿಮಗೆ ಹೇಗೆ ಗೊತ್ತು ಎನ್ನುತ್ತಿದ್ದರು. ಅದಕ್ಕೆ ಹೆದರಿ ಬಾಯಿ ಮುಚ್ಚಿಕೊಂಡು ಹಗ್ಗ ಬಿಚ್ಚಿದ.

ಆಸ್ಕರ್ ಓಡಿತು. ಅದರ ಊಳಿನಿಂದ ತಿಂಗಳುಗಟ್ಟಲೆ ನಿದ್ದೆಗೆಟ್ಟವನು ನಾನು. ಆದರೂ ಅದು ಕೂಳೆಯ ಮೇಲೆ ಮೈ ಚಾಚಿ ಹೋಗುವುದನ್ನು ನೋಡಿ ಬಹಳ ಸಂತೋಷವಾಯಿತು. ಬೀರೇಶನೂ ನಕ್ಕ. ಅವನು ಬಾಯ್ತುಂಬ ನಕ್ಕದ್ದನ್ನು ನಾನು ಕಂಡದ್ದು ಅದೊಂದೇ ಸಲ.

ಆಗ ಹಳಿಯ ಆಚೆಯಿಂದ ಹಿಂಡು ಬಂತು. ಬೀರೇಶ ‘ಆಸ್ಕರ್, ಆಸ್ಕರ್’ ಎಂದು ಕೂಗಿದ. ನಾಯಿ ನಿಂತು ಮೂಗೆತ್ತಿ, ಬಾಣ ಬಿಟ್ಟಂತೆ ಹಿಂಡಿನ ಕಡೆ ಹೋಯಿತು. ಕುರಿಗಳನ್ನು ಸೀಳಿಹಾಕುತ್ತದೆ ಎಂದು ಮೇಡಂ ಕಣ್ಣು ಮುಚ್ಚಿಕೊಂಡರು. ಅದು ಒಂದು ಕುರಿಯನ್ನೂ ಮುಟ್ಟಲಿಲ್ಲ. ಹಿಂಡಿನ ಹೊರಗಿನಿಂದ ಸುತ್ತುಹಾಕಿ, ಹಿಂದೆ ಉಳಿದ ಕುರಿಗಳನ್ನು ಒಳಗೆ ಸೇರಿಸಿ, ಕೊನೆಗೆ ಕುರಿಗಾರನ ಎದೆಯ ಮೇಲೆ ಎರಡೂ ಕಾಲಿಟ್ಟು ನಿಂತಿತು. ಸೋಮಲಿಂಗ ಅದರ ತಲೆಯನ್ನು ಕಂಬಳಿಯೊಳಗೆ ಅಪ್ಪಿಕೊಂಡ. ಆಮೇಲೆ ತಮ್ಮನನ್ನು ಕಂಡ. ಮುಖ ಅರಳಿತು, ಹೆಸರು ಹಿಡಿದು ಕರೆಯಲು ಬಾಯಿ ತೆರೆದ.

ಬೀರೇಶ ಅವಸರದಿಂದ ಮುಂದೆ ಹೋದ.

“ದೂರ ಸರೀರಿ. ನಾಯಿನ ಮುಟ್ಟಬ್ಯಾಡ್ರಿ, ಅದಕ ಕುರಿ ವಾಸನಿ ಹತ್ತತೈತಿ.”

ಸೋಮಲಿಂಗನ ನಗು ಸ್ವಲ್ಪ ಹೊತ್ತು ಮುಖದ ಮೇಲೆ ಹಾಗೇ ಉಳಿಯಿತು. ಮೇಡಂ ಅವರನ್ನು ನೋಡಿದ, ಕಾರನ್ನು ನೋಡಿದ, ನನ್ನನ್ನೂ ಗುರುತು ಹಿಡಿದ. ಕೈ ಹಿಂದಕ್ಕೆ ತೆಗೆದು ಕಂಬಳಿಗೆ ಒರೆಸಿಕೊಂಡ.

“ತಪ್ಪಾತ್ರಿ ಸಾಹೇಬರ. ಇಂಥಾದ ಒಂದ ಮರಿ ನಮ್ಮ ತಮ್ಮಗ ಕೊಟ್ಟಿದ್ನಿ. ಅದ ಇರಬೇಕಂತ ತಿಳದ್ನಿ.”

ತಮ್ಮ ಎಲ್ಲಿದ್ದಾನೆ ಎಂದು ಪ್ರಮಿಳಾ ಮೇಡಂ ಮರ್ಯಾದೆಗೆ ಕೇಳಿದರು.

“ಬೆಳಗಾಂವ್ಯಾಗ ಅದಾನ್ರೀ. ದೊಡ್ಡ ನೌಕರಿ ಐತಿ. ಭಾಳ ಛಲೋ ಹುಡುಗ.”

ಅದರಲ್ಲಿ ಕೊಂಕು ಇರಲಿಲ್ಲ. ತಮ್ಮನ ಮರ್ಯಾದೆ ಉಳಿಸಲೆಂದೇ ಆಡಿದ ಮಾತು. ಬೀರೇಶ ತಲೆ ಬಗ್ಗಿಸಿ ನಾಯಿಯ ಕೊರಳಪಟ್ಟಿಗೆ ಹಗ್ಗ ಸಿಕ್ಕಿಸಿ ಎಳೆದ. ಅದು ನೆಲ ಕಚ್ಚಿ ಮಲಗಿಬಿಟ್ಟಿತು. ಕಡೆಗೆ ಸೋಮಲಿಂಗನೇ ಅದನ್ನು ಎತ್ತಿಕೊಂಡು ಕಾರಿನವರೆಗೆ ಬಂದು ಸೀಟಿನ ಮೇಲೆ ಮಲಗಿಸಿದ. ಬಾಗಿಲನ್ನೂ ಅವನೇ ಮೆಲ್ಲಗೆ ಹಾಕಿದ. ತಮ್ಮನ ಕಡೆ ತಿರುಗಿ ನೋಡದೆ ಹಿಂಡಿನ ಹತ್ತಿರ ಹೋದ.

ಕಾರು ಹೊರಟಿತು. ಜಾಗವೇನೋ ಭರ್ಜರಿಯಾಗಿದೆ, ಹೊಲದೊಡೆಯನಿಗೆ ಹೇಳಿ ಈ ಕುರಿಯವರನ್ನು ಎಬ್ಬಿಸಿದರೆ ನಮಗೆ ಪಾರ್ಕು ಸಿಕ್ಕಂತೆಯೇ ಎಂದರು ಪ್ರಮಿಳಾ ಮೇಡಂ. ನಾನು ಬೀರೇಶನ ಕಡೆ ನೋಡುತ್ತ ಕೂತೆ. ಈಗಲಾದರೂ ಬಾಯಿ ಬಿಡುತ್ತಾನೇನೋ ಎಂದುಕೊಂಡೆ. ಅವನು ಕಿಟಕಿಯ ಹೊರಗೆ ನೋಡುತ್ತ, “ಹೇಳೂಣ್ರಿ ಮೇಡಂ” ಎಂದ.

ಪೀರನವಾಡಿಯಲ್ಲಿ ಇಳಿದ ಮೇಲೆ, ಗೇಟಿನ ಹತ್ತಿರ ನಾಯಿಯ ಹಗ್ಗ ಹಿಡಿದುಕೊಂಡು ನನ್ನನ್ನು ಕೇಳಿದ. “ಕಾಕಾ, ಜಾಗಾ ಸಿಕ್ಕತಲ್ರಿ. ಇನ್ನ ಆಸ್ಕರ್ ಇಲ್ಲೇ ಇರಬೌದಲ್ರಿ?”

“ನಾಯಿ ಇರಲಿ,” ಎಂದೆ. “ನೀ ಮನಿ ಖಾಲಿ ಮಾಡು.”

ಅವನು ನಾನು ಚೇಷ್ಟೆ ಮಾಡಿದೆನೆಂದು ನಕ್ಕ. ನಾನು ಒಳಗೆ ಹೋಗಿ, ಮಹಡಿಗೆ ಯಾರಾದರೂ ಬಾಡಿಗೆಯವರಿದ್ದರೆ ನೋಡು ಎಂದು ಭೀಮಕ್ಕನಿಗೆ ಹೇಳಿದೆ.